ಕೋಚಿಗೆ ಹೊದಿಸಿದ ಶಾಲು

ನನಗೊಂದು ಕಾಯಿಲೆಯಿದೆ. ಯಾರಾದರೂ ಏನಾದರೂ ಕೇಳಿದರೆ "ಗೊತ್ತಿಲ್ಲ" ಎನ್ನಲು ನನ್ನ ನಾಲಗೆ ಹೊರಳುವುದಿಲ್ಲ. ಅದು ಅಹಂಕಾರ ಎಂದು ನನ್ನ ಹೆಂಡತಿ ಜಯಂತಿ ಮದುವೆಯಾದ ಮೂರನೇ ದಿನವೇ ತೀರ್ಪು ಕೊಟ್ಟಿದ್ದಾಳೆ. ಖಂಡಿತ ಅಲ್ಲ. ಅದು ನಾನು ಪಡೆದ ಪದವಿಯ ಅಡ್ಡಪರಿಣಾಮ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ರಾಮನಗರದಲ್ಲಿ ನಾವಿದ್ದ ಬೀದಿಗೂ ನಾನೇ ಮೊದಲು. ಅಪ್ಪ ರೇಷ್ಮೆ ನೂಲು ಬಿಚ್ಚುವ ಕಡೆ ಚರಕ ತಿರುಗಿಸುತ್ತಿದ್ದರು. ಅಮ್ಮ ಅದೇ ಚರಕದ ಮುಂದೆ ಕೂತು, ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕುತ್ತಿದ್ದಳು. ಡಿಪ್ಲೊಮಾ ಮುಗಿಸಿ, ಹಗಲು ಕೆಲಸ ಸಂಜೆ ಕಾಲೇಜು ಎಂದು ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಓದಿ ನಾನು ಬಿ.ಇ. ಆದ ಮಾರನೆಯ ಬೆಳಿಗ್ಗೆ ನಮ್ಮ ಮನೆ ಮುಂದೆ ಜನವೋ ಜನ. ಒಬ್ಬರ ಕೈಯಲ್ಲಿ ಸಕ್ಕರೆ ಕಾಯಿಲೆಯ ರಿಪೋರ್ಟು, ಇನ್ನೊಬ್ಬರ ಕೈಯಲ್ಲಿ ಪಹಣಿ, ಮತ್ತೊಬ್ಬಾಕೆಯ ಕಂಕುಳಲ್ಲಿ ತಿರುಗದ ಮಿಕ್ಸಿ. "ಇಂಜಿನೇರು ಅಲ್ವೇನಪ್ಪ, ಒಸಿ ನೋಡು." ಒಂದು ಸಲ, ಒಂದೇ ಸಲ, ನಾನು "ಗೊತ್ತಿಲ್ಲ ಕಣಜ್ಜಿ" ಅಂದೆ. ಅಜ್ಜಿ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ, "ಮತ್ತೆ ಏನಕ್ಕಪ್ಪ ಓದ್ಸಿದ್ದು ಇವನ್ನ?" ಅಂದರು. ಆಗ ಅಪ್ಪನ ಮುಖ ಆದ ರೀತಿ ನೋಡಿ ನಾನು ಆ ಪದವನ್ನೇ ಬಿಟ್ಟುಬಿಟ್ಟೆ. ಆಮೇಲೆ ಸಕ್ಕರೆಗೂ ಉತ್ತರ ಹೇಳಿದೆ, ಪಹಣಿಗೂ ಹೇಳಿದೆ. ಮಿಕ್ಸಿ ಮಾತ್ರ ನಿಜಕ್ಕೂ ರಿಪೇರಿಯಾಯಿತು.

ಅದೇ ಕಾಯಿಲೆ ನನ್ನ ಸೂಟ್‌ಕೇಸಿನ ಜೊತೆ ಕುವೈತಿಗೂ ಬಂತು. ಇಲ್ಲಿ ಮಿರ್ಕಾಬ್ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ ನನ್ನ ಕೆಲಸ. ದೊಡ್ಡ ಕಟ್ಟಡಗಳಿಗೆ ಎ.ಸಿ. ಗಾಳಿಯ ಕೊಳವೆಗಳು ಎಲ್ಲೆಲ್ಲಿ ಹೋಗಬೇಕೆಂದು ನಕ್ಷೆ ಮಾಡುತ್ತೇನೆ. ಈ ಊರಿನ ಒಂದು ಗುಣ ನನಗೆ ಬಲು ಇಷ್ಟ. ಇಲ್ಲಿ ಇಂಜಿನಿಯರನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, "ಮುಹಂದಿಸ್" ಅನ್ನುತ್ತಾರೆ. ಅರಬ್ಬಿಯಲ್ಲಿ ಇಂಜಿನಿಯರ್ ಎಂದರ್ಥ. ತರಕಾರಿ ಅಂಗಡಿಯವನೂ "ಮುಹಂದಿಸ್, ಇವತ್ತು ಬೆಂಡೆಕಾಯಿ ಚೆನ್ನಾಗಿದೆ" ಎಂದಾಗ ನಾನು ಬೇಡದ ಬೆಂಡೆಕಾಯಿಯನ್ನೂ ತಂದಿದ್ದೇನೆ. ಇಲ್ಲಿಗೆ ಬರುವಾಗ ನನ್ನ ಪದವಿ ಪ್ರಮಾಣಪತ್ರಕ್ಕೆ ಅದೆಷ್ಟು ಕಚೇರಿಗಳ ಮುದ್ರೆ ಬಿತ್ತೆಂದರೆ ಹಿಂಬದಿಯೇ ಮುಂಬದಿಗಿಂತ ಘನವಾಗಿ ಕಾಣುತ್ತದೆ. ಅದಕ್ಕೆ ಎರಡೂ ಕಡೆ ಗಾಜು ಹಾಕಿಸಿ ಮನೆಯ ಹಾಲ್‌ನಲ್ಲಿ ಇಟ್ಟಿದ್ದೇನೆ. ವೃತ್ತಿಯಲ್ಲಿ ನನ್ನದು ಒಂದೇ ಒಂದು ಕೆಟ್ಟ ಅಭ್ಯಾಸ. ಹೊಸ ನಕ್ಷೆಯನ್ನು ಮೊದಲಿನಿಂದ ಬರೆಯುವುದಿಲ್ಲ. ಹಳೆಯದರ ನಕಲು ತೆಗೆದು ಹೆಸರು ಬದಲಾಯಿಸುತ್ತೇನೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನು ಮಾಡಿದ ಒಂದು ಮದುವೆ ಹಾಲಿನ ನಕ್ಷೆಯಲ್ಲಿ ಮಾತ್ರ, ವಧುವಿನ ಕೋಣೆಯ ಮೇಲೆ "ಆಪರೇಷನ್ ಥಿಯೇಟರ್" ಎಂದು ಉಳಿದುಬಿಟ್ಟಿತ್ತು.

ಇಂಥ ನನಗೆ ಒಬ್ಬಳೇ ಮಗಳು, ಇಂಚರ. ವಯಸ್ಸು ಹದಿಮೂರು. ನಾವು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಎರಡು ವರ್ಷದ ಕೆಳಗೆ ಒಂದು ದಿನ ಬಂದು ತಾನು ಫುಟ್‌ಬಾಲ್ ಆಡುವುದಾಗಿ ಹೇಳಿದಳು. ಆಡು ಮಗಳೇ, ಶೂ ಕೊಡಿಸುತ್ತೇನೆ, ಚೆನ್ನಾಗಿ ಒದಿ ಅಂದೆ. "ಅಪ್ಪಾ, ನೋಬಡಿ ಕಿಕ್ಸ್," ಅಂದಳು. ಯಾರೂ ಒದೆಯದ ಫುಟ್‌ಬಾಲ್ ಯಾವುದೆಂದು ನೋಡಲು ರುಮೈಥಿಯಾದ ಮೈದಾನಕ್ಕೆ ಹೋದೆ. ಅದು ಅಮೆರಿಕದವರ ಫುಟ್‌ಬಾಲಂತೆ. ಚೆಂಡು ಗುಂಡಗಿಲ್ಲ, ಎರಡೂ ತುದಿ ಚೂಪು, ದೊಡ್ಡ ರೇಷ್ಮೆಗೂಡಿನ ಹಾಗೆ. ಅಮೆರಿಕದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಾರೆ; ಮಕ್ಕಳಿಗೆ ಅದು ಬೇಡವೆಂದು ಇಲ್ಲಿ ಸೊಂಟದ ಎರಡೂ ಬದಿಗೆ ಪಟ್ಟಿ ಸಿಕ್ಕಿಸಿರುತ್ತಾರೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳು ಅಲ್ಲಿಗೇ ನಿಲ್ಲಬೇಕು. ಒಂದು ಕಡೆಗೆ ಐದು ಹುಡುಗಿಯರು. ಅವರಲ್ಲಿ ಒಬ್ಬಳು ಕ್ವಾರ್ಟರ್‌ಬ್ಯಾಕ್. ಮದುವೆ ಮನೆಯಲ್ಲಿ ಯಾವ ಪಂಕ್ತಿಗೆ ಏನು ಬಡಿಸಬೇಕೆಂದು ನಿಂತಲ್ಲೇ ಹೇಳುವ ಯಜಮಾನ ಇರುತ್ತಾನಲ್ಲ, ಆ ಕೆಲಸ ಇವಳದು. ಪ್ರತಿ ಸಲವೂ ಚೆಂಡು ಮೊದಲು ಅವಳ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂದು ನಾಲ್ಕೈದು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಗೆದ್ದರೆ ಹಿಡಿದು ಓಡಿದವಳಿಗೆ ಚಪ್ಪಾಳೆ, ಸೋತರೆ ಇವಳಿಗೆ ಬೈಗಳು. ಆ ಕ್ವಾರ್ಟರ್‌ಬ್ಯಾಕ್, ಈ ವರ್ಷ, ನನ್ನ ಮಗಳು. ಈ ವಾಕ್ಯವನ್ನು ನಾನು ಆಫೀಸಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆಂದರೆ ಚಹಾ ತರುವವನಿಗೂ ಅದು ಬಾಯಿಪಾಠವಾಗಿದೆ.

ಮೈದಾನದ ಗೆರೆಯ ಹೊರಗೆ ನಿಂತು ನೋಡುವ ಅಪ್ಪ ಅಮ್ಮಂದಿರದ್ದು ಬೇರೆಯೇ ಆಟ. ಅದರಲ್ಲಿ ನನ್ನ ಖಾಯಂ ಎದುರಾಳಿ ದಿವಾಕರಣ್ಣ. ಉಡುಪಿಯ ಕಡೆಯವರು, ಇಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಅವರ ಮಗಳು ಶ್ರಾವ್ಯ ನಮ್ಮ ತಂಡದಲ್ಲಿ ಚೆಂಡು ಹಿಡಿದು ಓಡುವವಳು. ಪುಟ್ಟ ಹುಡುಗಿ, ಓಡಿದರೆ ಕಣ್ಣಿಗೆ ಸಿಗುವುದಿಲ್ಲ. ಪ್ರತಿ ಶುಕ್ರವಾರ ಆಟ ಶುರುವಾದ ಹತ್ತು ನಿಮಿಷಕ್ಕೆ ದಿವಾಕರಣ್ಣನ ದನಿ ಏರುತ್ತಿತ್ತು.

"ಎಂತ ಇಂಜಿನಿಯರ್ರೇ, ನಿಮ್ಮ ಮಗಳು ಚೆಂಡನ್ನು ಎದುರು ಪಾರ್ಟಿಗೆ ಕೊಡ್ಲಿಕ್ಕೆ ಬಂದದ್ದಾ? ನನ್ನ ಶ್ರಾವ್ಯ ಅಲ್ಲಿ ಬಸ್ಸಿಗೆ ಕೈ ತೋರಿಸಿದ ಹಾಗೆ ನಿಂತೇ ಇದ್ದಾಳೆ. ಬಸ್ಸು ನಿಲ್ಲುವುದೇ ಇಲ್ಲ!"

"ದಿವಾಕರಣ್ಣ, ಎರಡು ವರ್ಷಕ್ಕೆ ನಾಲ್ಕು ಕೋಚ್ ಆದ್ರೆ ಮಗು ಏನು ಮಾಡುತ್ತೆ?"

"ಕೋಚ್ ಎಂತ ಮಾಡ್ತಾನೆ ಮಾರಾಯ್ರೆ? ಎಸೆಯುವುದು ಕೈ. ಕೈ ಯಾರದ್ದು? ಕೋಚಿನದ್ದಾ?"

"ನಿಮ್ಮ ಹೋಟೆಲಲ್ಲಿ ತಿಂಗಳಿಗೊಬ್ಬ ಭಟ್ಟರನ್ನ ಬದಲಾಯಿಸಿದ್ರೆ ಸಾಂಬಾರು ಹೇಗಿರುತ್ತೆ?"

"ಸಾಂಬಾರು ಹೇಗೂ ಇರ್ಲಿ. ಸಪ್ಲೈಯರ್ ನಮ್ಮ ಗಿರಾಕಿಯನ್ನು ಬಿಟ್ಟು ಪಕ್ಕದ ಹೋಟೆಲಿಗೆ ಹೋಗಿ ಬಡಿಸಬಾರ್ದಲ್ಲ!"

ಸುತ್ತ ನಿಂತವರು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ, ಆದರೂ ಕೊಟ್ಟೆ. ಏನು ಕೊಟ್ಟೆನೋ ನೆನಪಿಲ್ಲ.

ಆದರೆ ಕೋಚಿನ ವಿಷಯದಲ್ಲಿ ನಾನು ಹೇಳಿದ್ದು ಬಾಯಿಮಾತಲ್ಲ, ಅನುಭವಿಸಿದ್ದು. ಸಂಜೆ ಕಾಲೇಜಿನಲ್ಲಿ ನನಗೆ ಗಣಿತ ಹೇಳಿಕೊಡಲು ಒಂದೇ ವರ್ಷದಲ್ಲಿ ಮೂವರು ಮೇಷ್ಟ್ರು ಬಂದುಹೋದರು. ಬಂದವರೆಲ್ಲ ಹಿಂದಿನವರ ಮೇಲೆ ನಂಬಿಕೆಯಿಲ್ಲದೆ ಮೊದಲ ಅಧ್ಯಾಯದಿಂದಲೇ ಶುರು ಮಾಡಿದರು. ಅದು ಮುಗಿಯುವ ಹೊತ್ತಿಗೆ ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಮೊದಲ ಅಧ್ಯಾಯದಲ್ಲಿ ಇವತ್ತಿಗೂ ನನ್ನನ್ನು ಮೀರಿಸುವವರಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಎಲ್ಲ ಅಧ್ಯಾಯಗಳೂ ಇರುತ್ತವೆ ಎಂಬುದು ನನಗೆ ಪರೀಕ್ಷೆಯ ಹಾಲಿನಲ್ಲೇ ತಿಳಿದದ್ದು. ಎರಡು ಸಲ ಫೇಲಾದೆ. ಮುಂದಿನ ವರ್ಷ ಬಂದ ಮೇಷ್ಟ್ರಿಗೆ ಎಲ್ಲೂ ಬೇರೆ ಕೆಲಸ ಸಿಗಲಿಲ್ಲ. ಪಾಪ, ಅವರ ದುರದೃಷ್ಟದಿಂದ ನಾನು ಇಂಜಿನಿಯರ್ ಆದೆ. ಇಂಚರಳದ್ದೂ ಇದೇ ಕಥೆ. ಮೊದಲ ಕೋಚು ಅವಳನ್ನು ಓಡುವವಳನ್ನಾಗಿ ಮಾಡಿದ, ಅಷ್ಟರಲ್ಲಿ ಅವನಿಗೆ ದೋಹಾಕ್ಕೆ ವರ್ಗವಾಯಿತು. ಎರಡನೆಯವನಿಗೆ ಎತ್ತರದ ಹುಡುಗಿಯರೇ ಬೇಕು, ಇವಳು ಬೆಂಚಿಗೆ. ಮೂರನೆಯವನು ಇವಳನ್ನು ಪಟ್ಟಿ ಕೀಳುವುದಕ್ಕೆ ಹಾಕಿ, ತಾನೇ ಕಿತ್ತುಕೊಂಡು ಹೋದ. ನಾಲ್ಕನೆಯವನು ಫಾದಿ, ಲೆಬನಾನಿನವನು. ಹಗಲಲ್ಲಿ ಅರ್ದಿಯಾದ ಒಂದು ಗೋದಾಮಿನಲ್ಲಿ ವಾಶ್‌ಬೇಸಿನ್, ಕಮೋಡುಗಳ ಉಸ್ತುವಾರಿ, ಸಂಜೆ ಕೋಚು. ಅವನು ಒಂದು ವಾರ ಸುಮ್ಮನೆ ಕೂತು ನೋಡಿ ಇಂಚರಳ ಕೈಗೆ ಚೆಂಡು ಕೊಟ್ಟ. ಆ ದಿನ ಅವಳು ಮನೆಗೆ ಬಂದು ಊಟದ ತಟ್ಟೆಯನ್ನೂ ಎರಡೂ ಕೈಯಲ್ಲಿ ಚೆಂಡಿನ ಹಾಗೆ ಎದೆಗವಚಿ ಹಿಡಿದಿದ್ದಳು.

ಹೀಗಿರುವಾಗ ಸುದ್ದಿ ಬಂತು: ಸ್ವಂತ ಹುಲ್ಲಿನ ಮೈದಾನವಿರುವ ಶಾಲೆಯೊಂದು ಫಾದಿಯನ್ನು ಕರೆದಿದೆಯಂತೆ. ಅವನು ಹೋದರೆ ಐದನೆಯವನು ಬರುತ್ತಾನೆ, ಬಂದವನು ಹೊಸ ಕ್ವಾರ್ಟರ್‌ಬ್ಯಾಕ್ ಹುಡುಕುತ್ತಾನೆ, ನನ್ನ ಮಗಳು ಮತ್ತೆ ಮೊದಲ ಅಧ್ಯಾಯಕ್ಕೆ. ಹೇಗಾದರೂ ಅವನನ್ನು ಕಟ್ಟಿಹಾಕಬೇಕು. ಮನುಷ್ಯನನ್ನು ಕಟ್ಟಿಹಾಕುವ ಹಗ್ಗ ಯಾವುದು? ಮರ್ಯಾದೆ. ಮರ್ಯಾದೆ ಕೊಡಲು ನಮ್ಮವರಿಗೆ ಗೊತ್ತಿರುವ ದಾರಿ ಯಾವುದು? ಸನ್ಮಾನ. ಇಲ್ಲಿನ ನಮ್ಮ ಕನ್ನಡದವರ ಸಂಘದ ಕಪಾಟಿನಲ್ಲಿ ಒಂದು ಮೈಸೂರು ಪೇಟ, ಶಾಲುಗಳ ಕಟ್ಟು, ಗಂಧದ ಹಾರ ಸದಾ ಸಿದ್ಧವಿರುತ್ತವೆ. ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇದೆ, ಯಾಕೆಂದರೆ ಯಾರಾದರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಾಗ ನನಗೆ ಇಲ್ಲ ಎನ್ನಲೂ ಬರುವುದಿಲ್ಲ. ಒಂದು ಅಭಿನಂದನಾ ಪತ್ರವೂ ಇರಲಿ ಎಂದುಕೊಂಡೆ. ಫಾದಿ ಓದಬೇಕಲ್ಲ, ಇಂಗ್ಲಿಷಿನಲ್ಲೇ ಬೇಕು. ಸಂಘದವರು ಹಿಂದಿನ ವರ್ಷ ಒಬ್ಬ ಬ್ಯಾಂಕ್ ಅಧಿಕಾರಿಗೆ ಕೊಟ್ಟ ಪತ್ರ ನನ್ನ ಕಂಪ್ಯೂಟರಿನಲ್ಲಿತ್ತು. ಹೆಸರು ಬದಲಾಯಿಸಿದೆ. "ಬ್ಯಾಂಕ್" ಇದ್ದ ಕಡೆಯೆಲ್ಲ "ಫುಟ್‌ಬಾಲ್" ಹಾಕಿದೆ. ಚೌಕಟ್ಟು ಹಾಕಿಸಿದೆ. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು.

ಶುಕ್ರವಾರ ಅಭ್ಯಾಸಕ್ಕೆ ಮುಂಚೆ ಮೈದಾನದಲ್ಲೇ ಕಾರ್ಯಕ್ರಮ. ಫಾದಿಯ ತಲೆ ದೊಡ್ಡದು, ಅದರ ಮೇಲೆ ಗುಂಗುರು ಕೂದಲು ಬೇರೆ. ಪೇಟ ಕುಕ್ಕರಿನ ಮುಚ್ಚಳದ ಹಾಗೆ ಮೇಲೆಯೇ ಕೂತಿತು. ಶಾಲು ಹೊದಿಸಿದೆ, ಹಾರ ಹಾಕಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಇಂಚರ ನನ್ನ ಹತ್ತಿರ ಬಂದು, "ಅಪ್ಪಾ, ವೈ ಈಸ್ ಕೋಚ್ ಡ್ರೆಸ್ಡ್ ಲೈಕ್ ಅ ಗ್ರೂಮ್?" ಎಂದು ಪಿಸುಗುಟ್ಟಿದಳು. ಫಾದಿ ಪತ್ರವನ್ನು ನಿಧಾನವಾಗಿ ಓದಿದ. ಇನ್ನೊಮ್ಮೆ ಓದಿದ. ನನ್ನ ಮುಖ ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು "ಶುಕ್ರನ್, ಮುಹಂದಿಸ್" ಎಂದು ಧನ್ಯವಾದ ಹೇಳಿದ. ಅಪ್ಪಂದಿರನ್ನೆಲ್ಲ ಒಬ್ಬೊಬ್ಬರನ್ನಾಗಿ ತಬ್ಬಿಕೊಂಡ, ಹುಡುಗಿಯರ ತಲೆ ಸವರಿದ, ಕೊರಳಿನ ಸೀಟಿ ತೆಗೆದು ದಿವಾಕರಣ್ಣನ ಕೈಗಿಟ್ಟು, ಪೇಟವನ್ನು ಹಿಡಿದುಕೊಂಡು ಕಾರು ಹತ್ತಿ ಹೋಗಿಬಿಟ್ಟ. ಅವತ್ತು ಅಭ್ಯಾಸ ನಡೆಯಲಿಲ್ಲ. "ನೋಡಿದಿರಾ, ಕಣ್ಣಲ್ಲಿ ನೀರು!" ಎಂದೆ ನಾನು ಎಲ್ಲರಿಗೂ ಕೇಳುವ ಹಾಗೆ. "ಇನ್ನು ಈ ಮನುಷ್ಯ ಎಲ್ಲಿಗೂ ಹೋಗಲ್ಲ."

ಮಂಗಳವಾರದ ಅಭ್ಯಾಸಕ್ಕೆ ಫಾದಿ ಬರಲಿಲ್ಲ. ಫೋನ್ ಎತ್ತಲಿಲ್ಲ. ನಾನು ದಿವಾಕರಣ್ಣನನ್ನು ಕೇಳಿದೆ.

"ಹೋದವರು ಬರ್ತಾರಾ ಮಾರಾಯ್ರೆ? ಸೆಂಡಾಫ್ ನೀವೇ ಮಾಡಿದ್ದಲ್ವಾ, ಅದೂ ಭಾರೀ ಗ್ರ್ಯಾಂಡಾಗಿ?"

"ಸೆಂಡಾಫಾ? ಅದು ಸನ್ಮಾನ!"

"ಅದೇ. ಎರಡೂ ಒಂದೇ ಅಲ್ವಾ ಇಲ್ಲಿ? ನೀವೇನೂ ಚಿಂತೆ ಮಾಡ್ಬೇಡಿ. ನನ್ನ ಪರಿಚಯದವರು ಒಬ್ಬರು ಉಂಟು, ಅವರ ಹತ್ರ ಮಾತಾಡಿ ಆಯ್ತು. ಬರುವ ವಾರದಿಂದ ಬರ್ತಾರೆ. ಎಲ್ಲ ಹುಡುಗಿಯರಿಗೂ ಟ್ರಯಲ್ ಮಾಡಿ ಹೊಸತಾಗಿ ಕ್ವಾರ್ಟರ್‌ಬ್ಯಾಕ್ ಆರಿಸ್ತಾರಂತೆ."

ಅವತ್ತು ಇಂಚರ ಮನೆಗೆ ಬಂದವಳು ಶೂ ಬಿಚ್ಚದೆ ಸೋಫಾದ ಮೇಲೆ ಕೂತಳು. ಬೈಗಳಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವತ್ತು ಕನ್ನಡದಲ್ಲಿ ಹೇಳಿದಳು: "ಅಪ್ಪಾ, ನೀನೇ ಕಳಿಸಿಬಿಟ್ಟೆ." ಮಗಳು ಕನ್ನಡ ಮಾತಾಡಲಿ ಎಂದು ಇಷ್ಟು ವರ್ಷ ಹಂಬಲಿಸಿದವನು ನಾನು. ಮಾತಾಡಿದಳು. ಕೇಳಲಾಗಲಿಲ್ಲ.

ಜಯಂತಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅವಳು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಾವುದನ್ನೂ ಪರೀಕ್ಷೆ ಮಾಡದೆ ಬಿಡುವವಳಲ್ಲ. "ರೀ, ಇಲ್ಲಿಗೆ ಬಂದ ಮೇಲೆ ನೀವು ಯಾರ್ಯಾರಿಗೆ ಶಾಲು ಹೊದಿಸಿದ್ದೀರಿ, ಹೇಳಿ ನೋಡೋಣ," ಎಂದಳು. ನಾನು ಹೆಮ್ಮೆಯಿಂದಲೇ ಹೇಳುತ್ತಾ ಹೋದೆ: ಬ್ಯಾಂಕಿನವರು, ಮಂಡ್ಯದ ಡಾಕ್ಟರು, ಭಜನೆ ಹೇಳಿಕೊಡುತ್ತಿದ್ದ ಅಮ್ಮ, ನಾಟಕ ಮಾಡಿಸುತ್ತಿದ್ದವರು. "ಇವರಲ್ಲಿ ಈಗ ಕುವೈತಲ್ಲಿ ಯಾರಿದ್ದಾರೆ?" ಎಂದಳು. ಬೆರಳು ಮಡಚಿ ಲೆಕ್ಕ ಹಾಕಿದೆ. ಒಬ್ಬರೂ ಇಲ್ಲ. ಊರಿನಲ್ಲಾದರೆ ಸನ್ಮಾನ ಮಾಡಿಸಿಕೊಂಡವರು ಮಾರನೆಯ ದಿನವೂ ಅದೇ ಬೀದಿಯಲ್ಲಿ ಹಾಲು ತರಲು ಬರುತ್ತಾರೆ. ಇಲ್ಲಿ ಹಾಗಲ್ಲ. ಇರುವವರೆಗೆ ಯಾರೂ ಯಾರನ್ನೂ ಹೊಗಳುವುದಿಲ್ಲ, ಎಲ್ಲರಿಗೂ ಅವರವರ ಡ್ಯೂಟಿ. ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ ರದ್ದಾಗಿ, ಟಿಕೆಟ್ ಕೈಗೆ ಬಂದ ಮೇಲೆಯೇ ನಮಗೆ ಆ ಮನುಷ್ಯನ ಸದ್ಗುಣಗಳು ನೆನಪಾಗುವುದು. ಶಾಲು ಬಿತ್ತೆಂದರೆ ವಿಮಾನ ಹತ್ತಿದಂತೆ. ನಾನು ಓಡಿಹೋಗಿ ಕಂಪ್ಯೂಟರ್ ತೆರೆದು ಆ ಪತ್ರವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. "ನಮ್ಮೊಡನೆ ನೀವು ಕಳೆದ ದಿನಗಳು ಚಿರಸ್ಮರಣೀಯ" ಎಂದಿತ್ತು. ಕೊನೆಯಲ್ಲಿ, "ಸಾರ್ಥಕ ಫುಟ್‌ಬಾಲ್ ಸೇವೆಯ ನಂತರದ ನಿಮ್ಮ ವಿಶ್ರಾಂತ ಬದುಕು ಮೊಮ್ಮಕ್ಕಳೊಡನೆ ಸುಖವಾಗಿ ಸಾಗಲಿ." ಫಾದಿಗೆ ಇನ್ನೂ ಮೂವತ್ತೈದು ತುಂಬಿಲ್ಲ.

ಮಾರನೆಯ ದಿನ ಮಧ್ಯಾಹ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅರ್ದಿಯಾಕ್ಕೆ ಹೋದೆ. ಗೋದಾಮಿನ ಒಳಗೆ ಛಾವಣಿಯವರೆಗೆ ಬಿಳಿ ಬಿಳಿ ವಾಶ್‌ಬೇಸಿನ್‌ಗಳು. ನಡುವೆ ಒಂದು ಸಣ್ಣ ಮೇಜು, ಅದರ ಹಿಂದೆ ಫಾದಿ. ನನ್ನನ್ನು ನೋಡಿ ಎದ್ದು, ಕೂರಿಸಲು ಕುರ್ಚಿಯಿಲ್ಲದೆ ಮುಚ್ಚಳವಿದ್ದ ಹೊಸ ಕಮೋಡೊಂದನ್ನು ತೋರಿಸಿದ. ಕೂತೆ. ಬಂದ ಕೆಲಸಕ್ಕೆ ಅದು ತಕ್ಕ ಆಸನವಾಗಿತ್ತು.

"ನೀವು ನನ್ನನ್ನು ತೆಗೆದಿರಿ ಅಂದುಕೊಂಡೆ," ಎಂದ ಅವನು ತನ್ನ ಅರಬ್ಬಿ ಬೆರೆತ ಇಂಗ್ಲಿಷಿನಲ್ಲಿ. "ವಲ್ಲಾ, ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ತೆಗೆದಿರಲಿಲ್ಲ, ಮುಹಂದಿಸ್. ಬೈರೂತಿನಲ್ಲಿ ಒಂದು ತಂಡದವರು ಫೋನಿಗೆ ಮೆಸೇಜ್ ಹಾಕಿ ತೆಗೆದಿದ್ದರು. ನೀವು ಹಣ್ಣು ಕೊಟ್ಟಿರಿ. ನನ್ನ ಹೆಂಡತಿ ಪತ್ರ ಓದಿ, 'ನಿನಗೆ ಏನೋ ದೊಡ್ಡ ಕಾಯಿಲೆ ಇದೆ, ನನ್ನಿಂದ ಮುಚ್ಚಿಟ್ಟಿದ್ದೀಯ' ಎಂದು ಅತ್ತಳು."

ನಾನು ಎಲ್ಲವನ್ನೂ ವಿವರಿಸಿದೆ. ಕಪಾಟು, ಬ್ಯಾಂಕಿನವರು, ನಕಲು, ಎಲ್ಲ. ಅವನು ನಗುತ್ತಾ ನಗುತ್ತಾ ಪಕ್ಕದ ಬೇಸಿನ್ ಹಿಡಿದುಕೊಂಡ. ನಕ್ಕು ಮುಗಿಸಿ ಗಂಭೀರನಾದ. "ಆ ಶಾಲೆಯವರಿಗೆ ನಾನು ಮೊದಲೇ ಆಗುವುದಿಲ್ಲ ಅಂದಿದ್ದೆ. ನಿನ್ನ ಪತ್ರ ಓದಿದ ಮೇಲೆ ನಾನೇ ಫೋನ್ ಮಾಡಿದೆ. ನಾಳೆ ಅವರಿಗೆ ಉತ್ತರ ಹೇಳಬೇಕು."

ಅಂದರೆ ಹೋಗದವನನ್ನು ಹೊರಡಿಸಿದ್ದು ನಾನೇ! ಆದರೂ ಬಿಡಲಾರದೆ ಕೇಳಿದೆ: "ನಿಜ ಹೇಳು, ನನ್ನ ಮಗಳು ಒಳ್ಳೆಯ ಕ್ವಾರ್ಟರ್‌ಬ್ಯಾಕಾ?"

"ಕೈ ಸಾಧಾರಣ," ಎಂದ ಫಾದಿ, ಬೇಸಿನ್ನಿನ ಗುಣಮಟ್ಟ ಹೇಳುವವನ ಹಾಗೆ. ನನಗೆ ಚುರುಕ್ಕೆಂದಿತು. "ಕಣ್ಣು ಒಳ್ಳೆಯದು. ಆದರೆ ಮೊದಲೆಲ್ಲ ಪ್ರತಿ ತಪ್ಪಾದಾಗಲೂ ಆ ಕಣ್ಣು ನಿನ್ನ ಕಡೆ ಹೋಗುತ್ತಿತ್ತು. ನೀನು ಗೆರೆಯ ಹತ್ತಿರ ನಿಂತು ಟ್ರಾಫಿಕ್ ಪೊಲೀಸಿನ ಹಾಗೆ ಕೈ ಮಾಡುತ್ತಿದ್ದೆ. ಅವಳು ನಿನ್ನನ್ನು ಬಿಟ್ಟು ಮುಂದಿನ ಹುಡುಗಿಯನ್ನು ನೋಡುವಂತೆ ಮಾಡಲು ನನಗೆ ಮೂರು ತಿಂಗಳು ಹಿಡಿಯಿತು. ಈಗ ನೋಡುತ್ತಾಳೆ. ಹೊಸಬ ಬಂದರೆ ಆ ಮೂರು ತಿಂಗಳು ಖಲಾಸ್."

ಕೋಚ್ ಬದಲಾಗಬಾರದೆಂದು ಎರಡು ವರ್ಷದಿಂದ ಕೂಗಿದವನು ನಾನು. ಯಾಕೆ ಬದಲಾಗಬಾರದೆಂದು ಆ ಕಮೋಡಿನ ಮೇಲೆ ಕೂತಾಗಲೇ ನನಗೆ ತಿಳಿದದ್ದು.

"ನಾನು ವಾಪಸ್ ಬರುತ್ತೇನೆ," ಎಂದ ಫಾದಿ. "ಒಂದು ಷರತ್ತು. ನೀನು ಇನ್ನು ಮೇಲೆ ಆಚೆ ಬದಿಯಲ್ಲಿ ನಿಲ್ಲಬೇಕು. ಬಾಯಿ ಮುಚ್ಚಿಕೊಂಡು. ಕೈಗಳು ಜೇಬಿನಲ್ಲಿ."

"ಸರಿ," ಎಂದೆ. "ಶಾಲು?"

"ಅದು ನನ್ನ ಅಮ್ಮನ ಹೆಗಲ ಮೇಲಿದೆ. ಅದನ್ನು ಕೇಳಿದರೆ ನಾನು ಬರುವುದಿಲ್ಲ."

ಮುಂದಿನ ಶುಕ್ರವಾರ ಪಂದ್ಯ. ಫಾದಿ ಸೀಟಿಗಾಗಿ ಕೈಚಾಚಿದಾಗ ದಿವಾಕರಣ್ಣ ಕೊಂಚ ಮುಖ ಊದಿಸಿಕೊಂಡೇ ಕೊಟ್ಟರು. "ಹೊಸ ಕೋಚಿಗೆ ಬರ್ಲಿಕ್ಕೆ ಹೇಳಿಬಿಟ್ಟಿದ್ದೇನೆ. ಇವತ್ತು ಸೋತರೆ ಮಾತ್ರ ನಾನು ಸುಮ್ಮನೆ ಕೂರುವ ಜನ ಅಲ್ಲ ಮತ್ತೆ," ಎಂದರು. ನಾನು ಮೈದಾನ ಸುತ್ತಿಕೊಂಡು ಆಚೆ ಬದಿಗೆ ಹೋದೆ. ಅಲ್ಲಿ ನಿಂತಿದ್ದವರೆಲ್ಲ ಎದುರು ತಂಡದ ಅಪ್ಪ ಅಮ್ಮಂದಿರು. ಕೈಗಳನ್ನು ಜೇಬಿಗೆ ಹಾಕಿ ಅವರ ನಡುವೆ ನಿಂತೆ.

ಇಂಚರ ಎಸೆದ ಮೊದಲ ಚೆಂಡು ಸೀದಾ ಎದುರು ತಂಡದ ಹುಡುಗಿಯ ಕೈಗೆ. ಸುತ್ತಲೂ ಚಪ್ಪಾಳೆ. ಎರಡನೆಯ ಸರದಿಯಲ್ಲೂ ಹಾಗೆಯೇ. ಮೈದಾನದ ಆಚೆಯಿಂದ ದಿವಾಕರಣ್ಣನ ದನಿ ನನ್ನವರೆಗೆ ಕೇಳಿಸಿತು: "ತೆಗೀರಿ ಮಾರಾಯ್ರೆ ಅವಳನ್ನು! ಬೇರೆಯವರಿಗೆ ಕೊಡಿ!" ಫಾದಿ ಕದಲಲಿಲ್ಲ. ಇಂಚರ ಒಂದು ಸಲ ಫಾದಿಯನ್ನು ನೋಡಿದಳು, ಆಮೇಲೆ ಮುಂದೆ ನೋಡಿದಳು. ನನ್ನ ಕಡೆ ನೋಡಲೇ ಇಲ್ಲ. ನಿಮಗೆ ಮಕ್ಕಳಿದ್ದರೆ ಗೊತ್ತಿರುತ್ತದೆ, ಅವರು ನಮ್ಮ ಕಡೆ ನೋಡದಿರುವುದು ಎಷ್ಟು ದೊಡ್ಡ ಸಂತೋಷ ಮತ್ತು ಎಷ್ಟು ದೊಡ್ಡ ಹೊಟ್ಟೆಯುರಿ ಎಂದು. ಮೂರನೆಯ ಸರದಿ. ಚೆಂಡು ಕೈಗೆ ಬಂತು, ಎರಡು ಹೆಜ್ಜೆ ಹಿಂದೆ ಸರಿದಳು, ಕಾದಳು, ಇನ್ನೂ ಕಾದಳು, ಪಟ್ಟಿಗೆ ಕೈ ಬೀಳುವ ಕ್ಷಣದಲ್ಲಿ ಎಸೆದಳು. ಚೆಂಡು ಮೂವರ ತಲೆಯ ಮೇಲಿನಿಂದ ತಿರುಗುತ್ತಾ ಹೋಗಿ, ಮೂಲೆಯಲ್ಲಿ ಬಸ್ಸಿಗೆ ಕಾದಂತೆ ನಿಂತಿದ್ದ ಪುಟ್ಟ ಶ್ರಾವ್ಯಳ ತೋಳಿನೊಳಗೆ ಮಲಗಿತು. ಆರು ಅಂಕ! 'ಅವಳು ನನ್ನ ಮಗಳು!' ಎಂದು ಪಕ್ಕದ ಬಡಾವಣೆ ಸಾಲ್ಮಿಯಾಕ್ಕೂ ಕೇಳುವಂತೆ ಕೂಗಬೇಕೆನ್ನಿಸಿತು. ನಾನು ಎದುರು ತಂಡದವರ ನಡುವೆ, ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹೈದರಾಬಾದಿನವರೊಬ್ಬರು ನನ್ನ ಬೆನ್ನು ಸವರಿ, "ಕೋಯಿ ಬಾತ್ ನಹೀ ಭಾಯಿ, ಹಮ್ ಭೀ ಗೋಲ್ ಕರೇಂಗೆ" ಎಂದು ಸಮಾಧಾನ ಹೇಳಿದರು. ಆರರ ಮೇಲೆ ಇನ್ನೊಂದು ಅಂಕಕ್ಕೆ ಸಿಗುವ ಎಸೆತ ನಮ್ಮವರ ಕೈ ಜಾರಿತು. ಆರು ಸೊನ್ನೆ.

ಇಲ್ಲಿಯವರೆಗೆ ನನ್ನ ತಪ್ಪೇನೂ ಇಲ್ಲ. ಆಮೇಲೆ ನಡೆದದ್ದಕ್ಕೆ ನಾನೇ ಜವಾಬ್ದಾರ. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬ ಸಣಕಲು ಹುಡುಗಿ. ಅವಳ ಎಸೆತಗಳೆಲ್ಲ ನೆಲಕ್ಕೆ ಬೀಳತೊಡಗಿದವು. ನನ್ನ ಸುತ್ತಲಿನವರು "ಅವಳನ್ನು ತೆಗೆಯಿರಿ, ಇನ್ನೊಬ್ಬಳನ್ನು ಹಾಕಿ" ಎಂದು ಗೊಣಗಿದರು. ನನಗೆ ಸಮಾಧಾನ ಹೇಳಿದ ಹೈದರಾಬಾದಿನವರ ಮುಖ ಇಳಿಯಿತು. ಆ ಹುಡುಗಿ ಅವರ ಮಗಳಂತೆ. ಅವರೇ ಕೋಚಿನ ಹತ್ತಿರ ಹೋಗಿ ಮಗಳನ್ನು ಹೊರಗೆ ಕೂರಿಸಲು ಹೇಳುತ್ತೇನೆಂದು ಹೊರಟವರು, ನಿಂತು ನನ್ನನ್ನು ಕೇಳಿದರು: "ಆಪ್ ಕ್ಯಾ ಬೋಲ್ತೇ ಭಾಯಿ?"

ಗೊತ್ತಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಷರತ್ತಿನ ಪ್ರಕಾರ ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಆದರೆ ಆ ಮನುಷ್ಯನ ಮುಖ, ಅವತ್ತು ಅಜ್ಜಿಯ ಮಾತು ಕೇಳಿದ ನಮ್ಮ ಅಪ್ಪನ ಮುಖದ ಹಾಗಿತ್ತು. ಅವರ ತೋಳು ಹಿಡಿದು ನಿಲ್ಲಿಸಿದೆ. ನನ್ನ ಹರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಗಣಿತದ ಮೂವರು ಮೇಷ್ಟ್ರು, ಮೊದಲ ಅಧ್ಯಾಯ, ನಾಲ್ಕು ಕೋಚು. ಬದಲಾಯಿಸಬೇಡಿ, ಬಿಡಿ, ಅವಳು ನಿಮ್ಮ ಕಡೆ ನೋಡದ ಹಾಗೆ ನೀವು ಬೇರೆ ಕಡೆ ನೋಡಿ ಎಂದೆ. ಸುತ್ತ ನಿಂತವರೂ ಕೇಳಿಸಿಕೊಂಡು ಸುಮ್ಮನಾದರು. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿಲ್ಲ. ಹುಡುಗಿಯನ್ನು ಯಾರೂ ತೆಗೆಯಲಿಲ್ಲ. ಆಟ ಮುಗಿಯಲು ಒಂದು ನಿಮಿಷ ಇರುವಾಗ ಅವಳು ಒಂದು ಚೆಂಡು ಎಸೆದಳು. ಆರು ಅಂಕ. ಮತ್ತೊಂದು ಎಸೆದಳು. ಮೇಲೊಂದು ಅಂಕ. ಏಳು ಆರು. ನಾವು ಸೋತೆವು. ಹೈದರಾಬಾದಿನವರು ನನ್ನನ್ನು ನೆಲದಿಂದ ಎತ್ತಿ ತಬ್ಬಿಕೊಂಡರು.

ಸೋತರೂ ನಮ್ಮವರ ಬದಿಯಲ್ಲಿ ಗದ್ದಲವಿರಲಿಲ್ಲ. ಮಗಳು ಹಿಡಿದ ಆ ಒಂದು ಚೆಂಡಿನಿಂದ ದಿವಾಕರಣ್ಣ ಪೂರ್ತಿ ಮತಾಂತರಗೊಂಡಿದ್ದರು. ಹೊಸ ಕೋಚಿಗೆ ಬರುವುದು ಬೇಡವೆಂದು ಅಲ್ಲಿಂದಲೇ ಫೋನ್ ಮಾಡಿ, "ಇನ್ನು ಕೋಚ್ ಬದಲಾಯಿಸುವ ಸುದ್ದಿ ತೆಗೆದವರ ಕಾಲು ಮುರಿತೇನೆ ಇಂಜಿನಿಯರ್ರೇ. ಮಕ್ಕಳಿಗೆ ಸ್ಥಿರತೆ ಬೇಕು ಮಾರಾಯ್ರೆ, ನಿಮಗೆ ಅದೆಲ್ಲ ಅರ್ಥ ಆಗುವುದಿಲ್ಲ!" ಎಂದರು. ಮುಂದಿನ ವರ್ಷಕ್ಕೂ ಫಾದಿಯೇ, ಚೆಂಡು ಇಂಚರಳ ಕೈಯಲ್ಲೇ ಎಂದು ಅಲ್ಲೇ ತೀರ್ಮಾನವಾಯಿತು. ಕಾರಿನಲ್ಲಿ ಬರುವಾಗ ಇಂಚರ, "ಅಪ್ಪಾ, ಯು ವರ್ ಸೋ ಕ್ವಾಯಟ್ ಟುಡೇ. ಐ ಆಮ್ ಪ್ರೌಡ್ ಆಫ್ ಯು" ಎಂದಳು. ಗಾಜಿನೊಳಗಿರುವ ನನ್ನ ಪ್ರಮಾಣಪತ್ರಕ್ಕೆ ಬಿದ್ದ ಅಷ್ಟೂ ಮುದ್ರೆಗಳಿಗಿಂತ ಅದು ಭಾರವಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಹೂ ವಾಸ್ ದಟ್ ಅಂಕಲ್ ಹಗ್ಗಿಂಗ್ ಯು?" ಎಂದಳು. ಯಾರೋ ಎ.ಸಿ. ವಿಷಯ ಕೇಳುತ್ತಿದ್ದರು ಎಂದೆ.

ನಿಜವನ್ನು ಅವಳಿಗೆ ಇನ್ನೂ ಹೇಳಿಲ್ಲ. ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಒಂದೇ ಭರವಸೆಯಿಂದ. ಆದರೆ ಹೋದ ತಿಂಗಳಿಂದ ಜಯಂತಿ ದಿನವೂ ಅರ್ಧ ಗಂಟೆ ಅವಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದಾಳೆ. ಒಂದು ದಿನವೂ ತಪ್ಪಿಸುವುದಿಲ್ಲ. ಹುಡುಗಿ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದಾಳೆ. ನಿನ್ನೆ ಉಪ್ಪಿನಕಾಯಿ ಡಬ್ಬಿಯ ಮೇಲಿನದನ್ನೆಲ್ಲ ತಾನೇ ಓದಿದಳು. ನನಗೇನೋ, ಈ ಟೀಚರನ್ನು ಒಮ್ಮೆ ಬದಲಾಯಿಸಿ ನೋಡಿದರೆ ಹೇಗೆ ಎನ್ನಿಸುತ್ತಿದೆ.